ಮನೆಯಲ್ಲೇ ಕಬ್ಬಿಣದ ಪ್ಲೇಟ್ ಕತ್ತರಿಸಬೇಕೇ? ಹ್ಯಾಕ್ಸಾ, ಗ್ರೈಂಡರ್, ಜಿಗ್ ಸಾ, ಲೇಸರ್: ಯಾವುದು ಯಾವಾಗ

ಗೇಟಿನ ಹಿಂಜಿಗೆ ಒಂದು ಪ್ಲೇಟ್, ನೀರಿನ ಮೋಟಾರ್ ಕೂರಿಸಲು ಒಂದು ತಳ, ಶೆಲ್ಫಿಗೆ ನಾಲ್ಕು ಬ್ರಾಕೆಟ್. ಇಂಥ ಸಣ್ಣ ಕೆಲಸಕ್ಕೆ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಮೆತ್ತನೆಯ ಉಕ್ಕು) ಪ್ಲೇಟ್ ತಂದವರು ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ನಾಲ್ಕು ಇಂಚಿನ ಗ್ರೈಂಡರ್ (ತಿರುಗುವ ಚಕ್ರದಿಂದ ಲೋಹ ಕತ್ತರಿಸುವ ಕೈ ಮೆಷೀನ್) ತಗೊಳ್ಳಿ, ಎಲ್ಲ ಕತ್ತರಿಸುತ್ತೆ. ಸುಳ್ಳಲ್ಲ. ಆದರೆ ಆ ಉತ್ತರ ಕೊಡುವವರು ಹೆಚ್ಚಾಗಿ ವೆಲ್ಡಿಂಗ್ ಶಾಪಿನ ಸಿಮೆಂಟ್ ನೆಲವನ್ನು ಮನಸ್ಸಲ್ಲಿಟ್ಟು ಮಾತಾಡುತ್ತಾರೆ, ನಿಮ್ಮ ಬಾಲ್ಕನಿಯನ್ನೋ ಕಾರು ನಿಂತಿರುವ ಪೋರ್ಟಿಕೋವನ್ನೋ ಅಲ್ಲ.

ಹಾಗಾಗಿ ನನ್ನ ಲೆಕ್ಕ ಬೇರೆ. ಮನೆಯಲ್ಲಿ ಕತ್ತರಿಸುವುದಾದರೆ ಮೊದಲು ನೋಡಬೇಕಾದ್ದು ಕಿಡಿ ಎಲ್ಲಿ ಬೀಳುತ್ತದೆ ಅನ್ನೋದು. ಆಮೇಲೆ ಪ್ಲೇಟ್ ಎಷ್ಟು ದಪ್ಪ. ಆಮೇಲೆ ಗೆರೆ ನೇರವೋ, ತಿರುವು ಇದೆಯೋ. ಕೊನೆಗೆ ಎಷ್ಟು ತುಂಡು ಬೇಕು. ಈ ಕ್ರಮದಲ್ಲಿ ಯೋಚಿಸಿದರೆ ಯಾರೂ ಹೆಚ್ಚಾಗಿ ಹೆಸರೆತ್ತದ ಜಿಗ್ ಸಾ (ಸಣ್ಣ ಬ್ಲೇಡ್ ಮೇಲೆ ಕೆಳಗೆ ಓಡಿ ಕೊಯ್ಯುವ ಕೈ ಮೆಷೀನ್) ಬಹಳ ಮನೆಗಳಿಗೆ ಸರಿಯಾದ ಆಯ್ಕೆ ಅಂತ ನನಗೆ ಖಾತ್ರಿಯಾಗಿದೆ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಮೊದಲು ದಪ್ಪದ ವಿಷಯ ಮುಗಿಸೋಣ. ಅಂಗಡಿಯಲ್ಲಿ ತೆಳು ಶೀಟನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. 20 ಗೇಜ್ ಅಂದರೆ ಸುಮಾರು 0.9 ಎಂಎಂ, 18 ಗೇಜ್ 1.2 ಎಂಎಂ, 16 ಗೇಜ್ 1.6 ಎಂಎಂ, 14 ಗೇಜ್ 2 ಎಂಎಂ. ಸಂಖ್ಯೆ ಜಾಸ್ತಿಯಾದಷ್ಟೂ ತಗಡು ತೆಳು. 3 ಎಂಎಂನಿಂದ ಮೇಲೆ ನೇರವಾಗಿ ಎಂಎಂ ಲೆಕ್ಕದಲ್ಲೇ ಪ್ಲೇಟ್ ಅಂತ ಕೇಳಬಹುದು. ತೂಕದ ಅಂದಾಜೂ ಇರಲಿ: ಒಂದು ಅಡಿ ಚದರದ 6 ಎಂಎಂ ಪ್ಲೇಟ್ ಸುಮಾರು 4.4 ಕೆಜಿ ತೂಗುತ್ತದೆ. 8 ಅಡಿ ಉದ್ದ 4 ಅಡಿ ಅಗಲದ ಪೂರ್ತಿ ಶೀಟ್ ಅದೇ ದಪ್ಪದಲ್ಲಿ 140 ಕೆಜಿ ಆಗುತ್ತದೆ. ಅದನ್ನು ಮನೆಗೆ ತಂದು ಕತ್ತರಿಸುವ ಮಾತೇ ಬೇಡ. ಗುಜರಿ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ತುಂಡುಗಳೇ ಮನೆ ಕೆಲಸಕ್ಕೆ ಸಾಕು. ಆದರೆ ಗುಜರಿ ಕಬ್ಬಿಣ ಕೊಳ್ಳುವಾಗ ಒಂದು ಹಳೇ ಅರ (ಫೈಲ್) ಜೇಬಲ್ಲಿರಲಿ. ಅಂಚಿಗೆ ಉಜ್ಜಿದಾಗ ಅರ ಕಚ್ಚಿ ಪುಡಿ ಬಿದ್ದರೆ ಅದು ಮೆತ್ತನೆಯ ಎಂಎಸ್. ಕಚ್ಚದೆ ಗಾಜಿನ ಮೇಲೆ ಹೋದ ಹಾಗೆ ಜಾರಿದರೆ ಅದು ಗಡಸು ಮಾಡಿದ ಉಕ್ಕು. ಲಾರಿಯ ಲೀಫ್ ಸ್ಪ್ರಿಂಗೂ ಗಡಸು ಉಕ್ಕೇ. ಅಂಥದರ ಮೇಲೆ ಹ್ಯಾಕ್ಸಾ ಬ್ಲೇಡಿನ ಹಲ್ಲು ಉಳಿಯುವುದಿಲ್ಲ, ಗ್ರೈಂಡರ್ ಬಿಟ್ಟು ಬೇರೆ ದಾರಿಯಿಲ್ಲ.

ಕೈ ಸಾಧನ: ಹ್ಯಾಕ್ಸಾ, ಚಾಣ, ಕತ್ತರಿ

ಹ್ಯಾಕ್ಸಾವನ್ನು, ಅಂದರೆ ಕಬ್ಬಿಣ ಕೊಯ್ಯುವ ಕೈಗರಗಸವನ್ನು, ಜನ ಹಗುರವಾಗಿ ನೋಡುತ್ತಾರೆ. ಅದಕ್ಕೆ ಕಾರಣ ಅದರ ಬ್ಲೇಡ್. ಯಾವುದೋ ಹಳೇ ಬ್ಲೇಡ್ ಹಾಕಿ, ಸಡಿಲ ಬಿಟ್ಟು, ಸಿಟ್ಟಲ್ಲಿ ಜೋರಾಗಿ ಎಳೆದಾಡಿದರೆ ಕಬ್ಬಿಣ ಕತ್ತರಿಸುವುದಿಲ್ಲ, ತೋಳು ಮಾತ್ರ ಸೋಲುತ್ತದೆ. 12 ಇಂಚಿನ ಬ್ಲೇಡುಗಳು ಇಂಚಿಗೆ 18, 24, 32 ಹಲ್ಲಿನ ಲೆಕ್ಕದಲ್ಲಿ ಸಿಗುತ್ತವೆ. ಯಾವ ಹೊತ್ತಿನಲ್ಲೂ ಕನಿಷ್ಠ ಮೂರು ಹಲ್ಲು ಲೋಹದ ಮೇಲಿರಬೇಕು, ಅದೇ ನಿಯಮ. 6 ಎಂಎಂ ಪ್ಲೇಟಿಗೆ 18, 3 ಎಂಎಂಗೆ 24, ಅದಕ್ಕಿಂತ ತೆಳುವಾದದ್ದಕ್ಕೆ 32. ತಗಡು ತೀರಾ ತೆಳುವಾಗಿದ್ದರೆ 32 ಹಲ್ಲಿನದ್ದೂ ಸಿಕ್ಕಿಕೊಂಡು ಹಲ್ಲು ಮುರಿಯುತ್ತದೆ. ಆಗ ಎರಡು ಪ್ಲೈವುಡ್ ತುಂಡಿನ ನಡುವೆ ತಗಡನ್ನು ಇಟ್ಟು, ಕ್ಲಾಂಪ್ ಹಾಕಿ, ಮರದ ಸಮೇತ ಕೊಯ್ಯಬೇಕು.

ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು, ಮುಂದೆ ನೂಕುವಾಗ ಒತ್ತಡ, ಹಿಂದೆ ಎಳೆಯುವಾಗ ಸುಮ್ನೆ ಬಿಡಬೇಕು. ನಿಮಿಷಕ್ಕೆ 40ರಿಂದ 60 ಸಲ, ಬ್ಲೇಡಿನ ಪೂರ್ತಿ ಉದ್ದ ಬಳಸಿ. ಅದಕ್ಕಿಂತ ವೇಗವಾಗಿ ಮಾಡಿದರೆ ಬ್ಲೇಡ್ ಬಿಸಿಯಾಗಿ ಹರಿತ ಹೋಗುತ್ತದೆ. ಬ್ಲೇಡ್ ಕೊಳ್ಳುವಾಗ ಬೈಮೆಟಲ್ (ಎರಡು ಲೋಹ ಸೇರಿಸಿ ಮಾಡಿದ್ದು) ಕೇಳಿ, ಸ್ವಲ್ಪ ಜಾಸ್ತಿ ಕೊಟ್ಟರೂ ಅದು ಬಾಗುತ್ತದೆ, ಪಟಕ್ಕನೆ ಮುರಿಯುವುದಿಲ್ಲ.

ಪ್ಲೇಟ್ ಕೆಲಸಕ್ಕೆ ಹ್ಯಾಕ್ಸಾದ ದೊಡ್ಡ ಅಡ್ಡಿ ಅದರ ಫ್ರೇಮ್. ಮೂರು ನಾಲ್ಕು ಇಂಚು ಒಳಗೆ ಹೋಗುತ್ತಿದ್ದಂತೆ ಫ್ರೇಮು ಪ್ಲೇಟಿನ ಅಂಚಿಗೆ ತಾಗುತ್ತದೆ. ಇದಕ್ಕೆ ಒಂದು ಪರಿಹಾರ ಫ್ರೇಮಿನಲ್ಲೇ ಇದೆ, ಬಹಳ ಜನ ನೋಡಿಯೇ ಇರುವುದಿಲ್ಲ: ಬ್ಲೇಡನ್ನು 90 ಡಿಗ್ರಿ ತಿರುಗಿಸಿ ಹಾಕಬಹುದು. ಆಗ ಫ್ರೇಮು ಪಕ್ಕಕ್ಕೆ ಮಲಗುತ್ತದೆ, ಅಂಚಿನಿಂದ ಮೂರು ಇಂಚಿನೊಳಗಿನ ಪಟ್ಟಿಯನ್ನು ಎಷ್ಟು ಉದ್ದ ಬೇಕಾದರೂ ಸೀಳಬಹುದು. ಪ್ಲೇಟಿನ ನಡುವಿನಿಂದ ಕತ್ತರಿಸಬೇಕು ಅಂದರೆ ಮಾತ್ರ ಹ್ಯಾಕ್ಸಾ ಕೈಕೊಡುತ್ತದೆ. ಒಂದು ಅಡಿ ಉದ್ದದ ಗೆರೆಯನ್ನು 6 ಎಂಎಂ ಪ್ಲೇಟಿನಲ್ಲಿ ಕೈಯಿಂದ ಕೊಯ್ಯಲು ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಒಂದು ತುಂಡಿಗೆ ಸರಿ, ಹತ್ತು ತುಂಡಿಗೆ ಬೇಡ.

ತಗಡಿನ ಕತ್ತರಿಯದ್ದು ಬೇಗ ಮುಗಿಯುವ ಮಾತು. 18 ಗೇಜ್‌ವರೆಗಿನ ಎಂಎಸ್ ಶೀಟಿಗೆ ಅದು ಚೆನ್ನಾಗಿದೆ, ಅದಕ್ಕಿಂತ ದಪ್ಪಕ್ಕೆ ಹಚ್ಚಿದರೆ ಕತ್ತರಿಯ ಬಾಯಿ ಹಾಳು.

ಚಾಣದ (ಕಬ್ಬಿಣ ಕಡಿಯುವ ಉಳಿಯ) ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಈ ವಿದ್ಯೆ ಮರೆತುಹೋಗುತ್ತಿದೆ. ಒಂದು ಗಟ್ಟಿಯಾದ ಬೆಂಚ್ ವೈಸ್ (ತುಂಡನ್ನು ಎರಡು ದವಡೆಯ ನಡುವೆ ಬಿಗಿಯುವ, ಮೇಜಿಗೆ ಕೂರಿಸಿದ ಸಾಧನ) ಇದ್ದರೆ 2 ಎಂಎಂ, 3 ಎಂಎಂ ಪಟ್ಟಿಯನ್ನು ಕರೆಂಟೇ ಇಲ್ಲದೆ ಒಂದೆರಡು ನಿಮಿಷದಲ್ಲಿ ಕತ್ತರಿಸಬಹುದು. ಗೆರೆ ಸರಿಯಾಗಿ ವೈಸ್ ದವಡೆಯ ಮೇಲಂಚಿಗೆ ಬರುವ ಹಾಗೆ ಬಿಗಿಯಿರಿ. ಚಾಣವನ್ನು ದವಡೆಯ ಮೇಲೆ ಒರಗಿಸಿ, ಸ್ವಲ್ಪ ಓರೆಯಾಗಿ ಹಿಡಿದು, ಅಂಚಿನಿಂದ ಶುರುಮಾಡಿ ಸುತ್ತಿಗೆಯಿಂದ ಹೊಡೆಯುತ್ತಾ ಹೋಗಿ. ದವಡೆಯೂ ಚಾಣವೂ ಸೇರಿ ಕತ್ತರಿಯ ಎರಡು ಅಲಗಿನ ಕೆಲಸ ಮಾಡುತ್ತವೆ. ಅಂಚು ಸ್ವಲ್ಪ ಬಾಗಿರುತ್ತದೆ, ಆಮೇಲೆ ತಟ್ಟಿ ಅರ ಹಾಕಿದರೆ ಸಾಕು. ಚಾಣದ ತಲೆ ಅಣಬೆಯ ಹಾಗೆ ಅರಳಿದ್ದರೆ ಮೊದಲು ಆ ಅಂಚನ್ನು ಉಜ್ಜಿ ತೆಗೆಯಿರಿ, ಹೊಡೆಯುವಾಗ ಆ ಚೂರು ಹಾರಿ ಕಣ್ಣಿಗೆ ಬರುತ್ತದೆ.

ಪ್ಲೇಟಿನ ನಡುವೆ ಕಿಟಕಿಯಂಥ ತೂತು ಬೇಕಿದ್ದರೂ ಚಾಣ ಬರುತ್ತದೆ. ಗೆರೆಯ ಒಳಬದಿಯಲ್ಲಿ 6 ಎಂಎಂ ಡ್ರಿಲ್ ಬಿಟ್ಟಿನಿಂದ ಸಾಲಾಗಿ ತೂತು ಹಾಕಿ, ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ 7 ಎಂಎಂ ಇರಲಿ. ಉಳಿದ ಸಣ್ಣ ಗೋಡೆಗಳನ್ನು ಚಾಣದಿಂದ ಒಡೆದು, ಅರ ಹಾಕಿ ಗೆರೆಗೆ ತನ್ನಿ. ಬೇಸರದ ಕೆಲಸ, ನಿಜ. ಆದರೆ ಮನೆಯಲ್ಲಿ ಒಂದು ಡ್ರಿಲ್ ಮಾತ್ರ ಇರುವವರಿಗೆ 10 ಎಂಎಂ ಪ್ಲೇಟಿನಲ್ಲೂ ಯಾವ ಆಕಾರ ಬೇಕಾದರೂ ತೆಗೆಯುವ ದಾರಿ ಇದು.

ಗ್ರೈಂಡರ್: ಎಲ್ಲರ ಮೊದಲ ಆಯ್ಕೆ

ವೇಗದಲ್ಲಿ ಇದಕ್ಕೆ ಸರಿಸಾಟಿ ಮನೆ ಸಾಧನಗಳಲ್ಲಿ ಇಲ್ಲ. 1 ಎಂಎಂ ಅಥವಾ 1.2 ಎಂಎಂ ದಪ್ಪದ ಕಟಿಂಗ್ ವೀಲ್ ಹಾಕಿದ 100 ಎಂಎಂ ಗ್ರೈಂಡರ್, ಹ್ಯಾಕ್ಸಾಕ್ಕೆ ಅರ್ಧ ಗಂಟೆ ಬೇಕಾದ ಗೆರೆಯನ್ನು ಕೆಲವೇ ನಿಮಿಷದಲ್ಲಿ ಮುಗಿಸುತ್ತದೆ. ಗಡಸು ಉಕ್ಕನ್ನೂ ಬಿಡುವುದಿಲ್ಲ. ವೀಲ್ ಒಂದಕ್ಕೆ ಕೆಲವು ಹತ್ತು ರೂಪಾಯಿ ಅಷ್ಟೇ, ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕತ್ತರಿಸುವುದಾದರೆ ಕಬ್ಬಿಣಕ್ಕೆ ಬಳಸಿದ ವೀಲ್ ಬೇಡ, ಕಬ್ಬಿಣದ ಕಣ ಅಂಟಿಕೊಂಡು ಸ್ಟೀಲಿನ ಅಂಚಿಗೂ ತುಕ್ಕು ಬರುತ್ತದೆ.

ನೇರ ಗೆರೆಗೆ ಅದು ಒಳ್ಳೆಯದು. ತಿರುವಿಗೆ ಅಲ್ಲ. ಕಟಿಂಗ್ ವೀಲ್ ತಳ್ಳುವ ದಿಕ್ಕಿನಲ್ಲಿ ಮಾತ್ರ ಬಲ ತಡೆಯುತ್ತದೆ, ಪಕ್ಕಕ್ಕೆ ತಿರುಚಿದರೆ ಒಡೆದು ಚೂರಾಗಿ ಹಾರುತ್ತದೆ. ಹಾಗಾಗಿ ದುಂಡಗೆ ಬೇಕಿದ್ದರೆ ಸಣ್ಣ ಸಣ್ಣ ನೇರ ಗೆರೆಗಳಲ್ಲಿ ಮೂಲೆ ಕತ್ತರಿಸುತ್ತಾ ಹೋಗಿ ಆಮೇಲೆ ಉಜ್ಜಬೇಕು. ಒಳಗಿನ ಚೌಕ ತೂತಿಗೂ ತೊಂದರೆ ಇದೆ: ಚಕ್ರ ದುಂಡಗಿರುವುದರಿಂದ ಕೆಳಗೆ ಮೂಲೆ ಮುಟ್ಟುವ ಹೊತ್ತಿಗೆ ಮೇಲ್ಗಡೆ ಗೆರೆ ದಾಟಿರುತ್ತದೆ. ನಾಲ್ಕು ಮೂಲೆಗೆ ಮೊದಲೇ ತೂತು ಹಾಕಿ ಅಲ್ಲಿಗೆ ನಿಲ್ಲಿಸುವುದು ಚೆಂದ.

ಗೆರೆ ನೇರ ಬರಬೇಕಾದರೆ ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಇಳಿಸಬೇಡಿ. ಒಂದು ಆಂಗಲ್ ಪಟ್ಟಿಯನ್ನು ಗೆರೆಗೆ ಹೊಂದಿಸಿ ಕ್ಲಾಂಪ್ ಮಾಡಿ, ಮೊದಲ ಸಲ ಪೂರ್ತಿ ಉದ್ದಕ್ಕೂ ಬರೀ ಗೀರು ಹಾಕಿ, ಎರಡನೇ ಸಲ ಆ ಗೀರನ್ನೇ ಹಿಡಿದು ಆಳಕ್ಕೆ ಹೋಗಿ. ಚಕ್ರ ತಾನಾಗಿ ಎಳೆದುಕೊಂಡು ಓಡುವ ದಿಕ್ಕಿಗೆ ನೂಕಬೇಡಿ, ಅದಕ್ಕೆ ಎದುರು ದಿಕ್ಕಿಗೆ ನೂಕಿ. ಕತ್ತರಿಸಿದ ತುಂಡು ಕೆಳಗೆ ಜೋತು ಬಿದ್ದು ಗೆರೆ ಅಗಲವಾಗುವ ಹಾಗೆ ಆಧಾರ ಕೊಡಿ. ಎರಡೂ ಕಡೆ ಆಧಾರ ಇಟ್ಟು ನಡುವೆ ಕತ್ತರಿಸಿದರೆ ಪ್ಲೇಟ್ ನಡುವೆ ಕುಸಿದು ಚಕ್ರವನ್ನು ಹಿಡಿದುಕೊಳ್ಳುತ್ತದೆ, ಆಗಲೇ ಮೆಷೀನ್ ಮುಖದ ಕಡೆ ಒದೆಯುವುದು.

ನಮ್ಮ ಕಡೆ ಮುಖ್ಯವಾದ ಇನ್ನೊಂದು ವಿಷಯ ಕರೆಂಟ್. ಕಡಿಮೆ ಬೆಲೆಯ ಬಹಳ ಗ್ರೈಂಡರ್‌ಗಳಲ್ಲಿ ಮುಂದಕ್ಕೆ ಜಾರಿಸಿ ಲಾಕ್ ಮಾಡುವ ಸ್ವಿಚ್ ಇರುತ್ತದೆ. ಕೆಲಸದ ನಡುವೆ ಕರೆಂಟ್ ಹೋಯಿತು ಅಂತ ಹಾಗೇ ಕೆಳಗಿಟ್ಟು ಟೀ ಕುಡಿಯಲು ಹೋದರೆ, ಕರೆಂಟ್ ಬಂದ ತಕ್ಷಣ ಅದು ತಾನಾಗಿ ತಿರುಗಲು ಶುರುಮಾಡಿ ನೆಲದ ಮೇಲೆ ಓಡಾಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಏನಾಗಬಹುದು ಯೋಚಿಸಿ. ಕರೆಂಟ್ ಹೋದ ಕ್ಷಣವೇ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಹೊಸದು ಕೊಳ್ಳುವುದಾದರೆ ಕೈಬಿಟ್ಟರೆ ನಿಲ್ಲುವ ಪ್ಯಾಡಲ್ ಸ್ವಿಚ್ ಇರುವುದನ್ನೇ ಕೇಳಿ ತಗೊಳ್ಳಿ, ವ್ಯಾಟ್ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ.

ಗಾರ್ಡ್ (ಚಕ್ರದ ಮೇಲಿನ ಕವಚ) ಬಿಚ್ಚಿ ಕೆಲಸ ಮಾಡುವುದನ್ನು ಎಲ್ಲಾ ಕಡೆ ನೋಡುತ್ತೇವೆ. ದಯವಿಟ್ಟು ಬೇಡ. ದೊಡ್ಡ ಚಕ್ರ ಹಿಡಿಯಲಿ ಅಂತ ಗಾರ್ಡ್ ಬಿಚ್ಚಿ 4 ಇಂಚಿನ ಮೆಷೀನಿಗೆ 5 ಇಂಚಿನದ್ದು ಹಾಕುವುದು, ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದು, ಇವೆರಡೂ ಕೈ ಬೆರಳು ಕಳೆದುಕೊಳ್ಳುವ ದಾರಿ. ವೀಲ್ ಮೇಲೆ ಬರೆದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನಿಮ್ಮ ಮೆಷೀನಿನದ್ದಕ್ಕಿಂತ ಜಾಸ್ತಿ ಇರಬೇಕು. ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಅದನ್ನೂ ನೋಡಿ. ಮಳೆಗಾಲದಲ್ಲಿ ತೇವ ಹಿಡಿದು ಮೂಲೆಯಲ್ಲಿ ಬಿದ್ದಿದ್ದ ವೀಲ್ ಬಳಸಬೇಡಿ. ಹೊಸ ವೀಲ್ ಹಾಕಿದ ಮೇಲೆ ಅದರ ಸಾಲಿನಿಂದ ಪಕ್ಕಕ್ಕೆ ನಿಂತು ಒಂದು ನಿಮಿಷ ಸುಮ್ನೆ ತಿರುಗಲು ಬಿಡಿ.

ಈಗ ಕಿಡಿ. ಆ ಕಿಡಿಗಳು ಉರಿಯುವ ಕಬ್ಬಿಣದ ಕಣಗಳು, ಹಲವು ಅಡಿ ದೂರ ಹಾರುತ್ತವೆ. ಕಿಟಕಿಯ ಗಾಜಿಗೆ ಬಡಿದರೆ ಗಾಜಿನೊಳಗೇ ಕರಗಿ ಕೂರುತ್ತವೆ, ಒರೆಸಿದರೆ ಹೋಗುವುದಿಲ್ಲ. ಕಾರಿನ ಬಣ್ಣದ ಮೇಲೆ ಬಿದ್ದರೆ ಕೆಲವು ದಿನದಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಬಿಳಿ ಟೈಲ್ಸ್, ಒಣಗಲು ಹಾಕಿದ ಬಟ್ಟೆ, ಕೆಳಗಿನ ಮನೆಯವರ ಬಾಲ್ಕನಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹಳ್ಳಿ ಮನೆಯಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು: ಹುಲ್ಲಿನ ಬಣವೆ, ತೆಂಗಿನ ಗರಿ, ಕೊಟ್ಟಿಗೆಯ ಅಟ್ಟ, ಅಡಿಕೆ ಸಿಪ್ಪೆಯ ರಾಶಿ, ಯಾವುದಕ್ಕೂ ಒಂದೇ ಕಿಡಿ ಸಾಕು. ಅದು ತಕ್ಷಣ ಹೊತ್ತಿಕೊಳ್ಳದೆ ಒಳಗೊಳಗೇ ಹೊಗೆಯಾಡಿ ನೀವು ಊಟಕ್ಕೆ ಕೂತ ಮೇಲೆ ಏಳುತ್ತದೆ. ಒದ್ದೆ ಗೋಣಿಚೀಲ ಹಾಸಿ, ಬಕೆಟ್ ನೀರು ಪಕ್ಕದಲ್ಲಿಡಿ, ಕೆಲಸ ಮುಗಿದು ಅರ್ಧ ಗಂಟೆಯಾದರೂ ಆ ಜಾಗ ಬಿಟ್ಟು ಹೋಗಬೇಡಿ.

ಮತ್ತೆ ಹಳೇ ಬ್ಯಾರೆಲ್. ಎಣ್ಣೆ, ಪೆಟ್ರೋಲ್, ತಿನ್ನರ್ ಇದ್ದ ಬ್ಯಾರೆಲನ್ನು ಒಲೆಗೋ ನೀರಿನ ತೊಟ್ಟಿಗೋ ಅಂತ ಗ್ರೈಂಡರ್ ಹಚ್ಚಿ ಕತ್ತರಿಸುವವರಿದ್ದಾರೆ. ಖಾಲಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ, ಕಿಡಿ ತಾಗಿದರೆ ಬಾಂಬಿನಂತೆ ಸಿಡಿಯುತ್ತದೆ. ಇದನ್ನು ಮನೆಯಲ್ಲಿ ಮಾಡಲೇಬೇಡಿ.

ಜಿಗ್ ಸಾ: ನನ್ನ ಮತ ಇದಕ್ಕೆ

ಮರಕ್ಕೆ ಮಾತ್ರ ಅಂತ ಜನ ಅಂದುಕೊಂಡಿರುವ ಈ ಮೆಷೀನ್, ಲೋಹದ ಬ್ಲೇಡ್ ಹಾಕಿದರೆ ಎಂಎಸ್ ಪ್ಲೇಟನ್ನು ನಿಧಾನವಾಗಿ, ಅಚ್ಚುಕಟ್ಟಾಗಿ ಕತ್ತರಿಸುತ್ತದೆ. ಕಿಡಿ ಇಲ್ಲ. ಸುಟ್ಟ ವಾಸನೆ ಇಲ್ಲ. ವೀಲಿನ ಧೂಳು ಮೂಗಿಗೆ ಹೋಗುವುದಿಲ್ಲ. ಬೀಳುವುದು ಕಬ್ಬಿಣದ ಪುಡಿ ಮಾತ್ರ, ಅದನ್ನು ಒಂದು ಅಯಸ್ಕಾಂತದಿಂದ ಎತ್ತಬಹುದು. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು? ತಿರುವು ತೆಗೆಯುತ್ತದೆ, ಒಂದು ತೂತು ಹಾಕಿ ಬ್ಲೇಡ್ ಇಳಿಸಿದರೆ ಪ್ಲೇಟಿನ ನಡುವೆಯೂ ಆಕಾರ ತೆಗೆಯುತ್ತದೆ. ಇವೆರಡೂ ಗ್ರೈಂಡರಿಗೆ ಕಷ್ಟದ ಕೆಲಸ.

ಬ್ಲೇಡ್ ಸರಿಯಾಗಿ ಆರಿಸಬೇಕು, ಅಷ್ಟೇ. ಬಾಷ್ ಕಂಪನಿಯ ಹೆಸರಿನಲ್ಲಿ ಹೇಳುವುದಾದರೆ 1ರಿಂದ 3 ಎಂಎಂ ಶೀಟಿಗೆ ಟಿ118ಎ, 2.5ರಿಂದ 6 ಎಂಎಂ ಪ್ಲೇಟಿಗೆ ಟಿ118ಬಿ. ಬೇರೆ ಕಂಪನಿಯವರ ಪ್ಯಾಕೆಟ್ಟಿನ ಮೇಲೂ ದಪ್ಪದ ಅಳತೆ ಬರೆದಿರುತ್ತದೆ. ವೇಗ ತಿರುಗಿಸುವ ಗುಂಡಿ ಇರುವ ಮೆಷೀನೇ ಬೇಕು, ಯಾಕಂದ್ರೆ ಕಬ್ಬಿಣಕ್ಕೆ ಕಡಿಮೆ ವೇಗ, ಮರಕ್ಕೆ ಜಾಸ್ತಿ. ಬ್ಲೇಡನ್ನು ಹಿಂದೆ ಮುಂದೆ ತೂಗುವ ಪೆಂಡುಲಂ ಗುಂಡಿಯನ್ನು ಸೊನ್ನೆಗೆ ಇಡಿ. ಗೆರೆಯ ಮೇಲೆ ಆಗಾಗ ಎರಡು ಹನಿ ಕಟಿಂಗ್ ಆಯಿಲ್ ಬಿಡಿ, ಇಲ್ಲದಿದ್ದರೆ ಅಡುಗೆಮನೆಯ ಕೊಬ್ಬರಿ ಎಣ್ಣೆಯೂ ನಡೆಯುತ್ತದೆ. ಬ್ಲೇಡಿನ ಹಲ್ಲು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ನೀವು ಅವಸರ ಮಾಡಿದ್ದೀರಿ, ಆ ಬ್ಲೇಡ್ ಮುಗಿಯಿತು.

ಇದರ ಕೊರತೆಯನ್ನೂ ಹೇಳಬೇಕಲ್ವಾ. ಪ್ಲೇಟ್ ಬಿಗಿಯಾಗಿ ಕೂರದಿದ್ದರೆ ಇಡೀ ಮೇಜೇ ಗಡಗಡ ಅಲುಗುತ್ತದೆ, ಆ ಸದ್ದು ಗ್ರೈಂಡರಿನದ್ದಕ್ಕಿಂತ ಕಿರಿಕಿರಿ ಮಾಡುತ್ತದೆ. ಕೆಳಗೆ ಪ್ಲೈವುಡ್ ಕೊಟ್ಟು, ಗೆರೆಯ ಹತ್ತಿರದಲ್ಲೇ ಕ್ಲಾಂಪ್ ಹಾಕಿದರೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. 6 ಎಂಎಂ ಮೇಲೆ ಹೋದರೆ ತಾಳ್ಮೆ ಬಹಳ ಬೇಕು, ಬ್ಲೇಡೂ ಬೇಗ ಮುಗಿಯುತ್ತವೆ. ಗಡಸು ಉಕ್ಕಿಗೆ ಇದು ಆಗುವುದೇ ಇಲ್ಲ. ವೇಗದಲ್ಲಿ ಗ್ರೈಂಡರಿನ ಹತ್ತಿರಕ್ಕೂ ಬರುವುದಿಲ್ಲ. ಆದರೂ ಮನೆಯಲ್ಲಿ ಬೇಕಾಗುವ 2 ಎಂಎಂ, 3 ಎಂಎಂ, 5 ಎಂಎಂ ತುಂಡುಗಳಿಗೆ ಆ ಐದು ಹತ್ತು ನಿಮಿಷ ಜಾಸ್ತಿ ಹಿಡಿದರೆ ಏನೂ ನಷ್ಟವಿಲ್ಲ, ಕತ್ತರಿಸಿದ ಅಂಚನ್ನು ಉಜ್ಜುವ ಸಮಯವೂ ಉಳಿಯುತ್ತದೆ.

ಉಳಿದ ಮೆಷೀನುಗಳು

14 ಇಂಚಿನ ಚಾಪ್ ಸಾ (ದೊಡ್ಡ ಚಕ್ರವನ್ನು ಮೇಲಿನಿಂದ ಇಳಿಸಿ ಕತ್ತರಿಸುವ ಮೆಷೀನ್) ನೋಡಿ ಆಸೆಪಡಬೇಡಿ. ಪೈಪ್, ಆಂಗಲ್, ಚಾನಲ್ ತುಂಡು ಮಾಡಲು ಅದು ಬಹಳ ಒಳ್ಳೆಯದು, ಅಗಲವಾದ ಪ್ಲೇಟಿಗೆ ಕೆಲಸಕ್ಕೆ ಬಾರದು. ಲೋಹಕ್ಕೆಂದೇ ಮಾಡಿದ ಸರ್ಕ್ಯುಲರ್ ಸಾ ನೇರ ಗೆರೆಗೆ ಅದ್ಭುತ, ಅಂಚು ಬಹುತೇಕ ತಣ್ಣಗೇ ಬರುತ್ತದೆ. ಆದರೆ ಮೆಷೀನೂ ಬ್ಲೇಡೂ ದುಬಾರಿ, ಮನೆಗೆ ಅಷ್ಟು ಕೆಲಸ ಇರುವುದಿಲ್ಲ. ಮರದ ಸರ್ಕ್ಯುಲರ್ ಸಾಗೆ ಲೋಹದ ಬ್ಲೇಡ್ ಹಾಕಿ ನೋಡೋಣ ಅನ್ನಬೇಡಿ, ಅದರ ವೇಗ ತುಂಬಾ ಜಾಸ್ತಿ.

ಕರೆಂಟಿನಿಂದ ಗಾಳಿಯನ್ನು ವಿಪರೀತ ಕಾಯಿಸಿ ಅದರಿಂದಲೇ ಲೋಹ ಕರಗಿಸಿ ಕತ್ತರಿಸುವ ಪ್ಲಾಸ್ಮಾ ಕಟರ್ ಈಗ ಸಿಂಗಲ್ ಫೇಸಿನಲ್ಲೂ ಸಿಗುತ್ತದೆ. 40 ಆಂಪಿನದ್ದು 8 ಎಂಎಂವರೆಗೆ ಚೆನ್ನಾಗಿ ಕತ್ತರಿಸುತ್ತದೆ, ತಿರುವೂ ಬರುತ್ತದೆ. ಆದರೆ ಏರ್ ಕಂಪ್ರೆಸರ್ ಬೇಕು, ಗಾಳಿ ಒಣಗಿರಬೇಕು, ಮನೆಯ ಮಾಮೂಲಿ ಸಾಕೆಟ್ಟಿನ ವೈರಿಂಗ್ ಆ ಲೋಡ್ ತಡೆಯುವುದಿಲ್ಲ. ಗಾಳಿಯಲ್ಲಿರುವ ನೈಟ್ರೋಜನ್ ಸೇರಿ ಅಂಚು ಗಡಸಾಗುತ್ತದೆ, ಅಲ್ಲಿ ಟ್ಯಾಪ್ ಹಾಕಲು (ತೂತಿನೊಳಗೆ ಬೋಲ್ಟಿನ ಸುತ್ತು ಕೊಯ್ಯಲು) ಹೋದರೆ ಕಷ್ಟ. ವಾರಕ್ಕೊಮ್ಮೆಯಾದರೂ ಇಂಥ ಕೆಲಸ ಇರುವವರು ಮಾತ್ರ ಯೋಚಿಸಲಿ. ಆಕ್ಸಿಜನ್ ಸಿಲಿಂಡರ್ ಇಟ್ಟು ಗ್ಯಾಸ್ ಕಟಿಂಗ್ ಮಾಡುವುದು ಮನೆಯ ಕೆಲಸವೇ ಅಲ್ಲ. ಅದು ದಪ್ಪ ಎಂಎಸ್ ಪ್ಲೇಟಿಗೆ ಮಾತ್ರ, ಸ್ಟೇನ್‌ಲೆಸ್ ಸ್ಟೀಲಿಗೂ ಅಲ್ಯುಮಿನಿಯಂಗೂ ಆಗುವುದಿಲ್ಲ.

ಯಾವಾಗ ಹೊರಗೆ ಕೊಡಬೇಕು

ಹತ್ತು ಒಂದೇ ಥರದ ಬ್ರಾಕೆಟ್ ಬೇಕು, ಅಥವಾ ಪ್ಲೇಟ್ 8 ಎಂಎಂ ಮೇಲಿದೆ, ಅಥವಾ ತೂತುಗಳು ಅರ್ಧ ಎಂಎಂ ಆಚೀಚೆ ಆಗಬಾರದು ಅಂದರೆ ಯಾವ ಮೆಷೀನನ್ನೂ ಕೊಳ್ಳದೆ ಲೇಸರ್ ಕಟಿಂಗಿಗೆ ಕೊಡಿ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶ, ಮಂಗಳೂರಿನ ಬೈಕಂಪಾಡಿ, ಇಂಥ ಕಡೆ ಜಾಬ್ ವರ್ಕ್ ಮಾಡುವವರನ್ನು ವಿಚಾರಿಸಿ. ಡಿಎಕ್ಸ್ಎಫ್ ಫೈಲ್ (ಕಂಪ್ಯೂಟರಿನಲ್ಲಿ ಬರೆದ ನಕ್ಷೆ) ಕೊಟ್ಟರೆ ತೂತಿನ ಸಮೇತ ಕತ್ತರಿಸಿ ಕೊಡುತ್ತಾರೆ. ಒಂದೇ ತುಂಡು ಅಂದರೆ ಕೆಲವರು ಒಪ್ಪುವುದಿಲ್ಲ, ಅವರ ಬೇರೆ ಆರ್ಡರಿನ ಶೀಟಿನಲ್ಲಿ ಉಳಿದ ಜಾಗದಲ್ಲಿ ಹಾಕಿಕೊಡಿ ಅಂತ ಕೇಳಿ ನೋಡಿ, ಅವಸರ ಇಲ್ಲ ಅಂದರೆ ಒಪ್ಪಬಹುದು. ಬರೀ ನೇರ ಗೆರೆ ಸಾಕು ಅನ್ನುವವರಿಗೆ ಶೇರಿಂಗ್ ಮೆಷೀನ್ (ದೊಡ್ಡ ಕತ್ತರಿಯಂತೆ ಪ್ಲೇಟ್ ಕಡಿಯುವುದು) ಇರುವ ಅಂಗಡಿ ಸಾಕು, ಕ್ಷಣದ ಕೆಲಸ. ಒಂದಿಂಚಿನಂಥ ಸಣ್ಣ ಪಟ್ಟಿ ಮಾತ್ರ ಶೇರಿಂಗಿನಲ್ಲಿ ತಿರುಚಿಕೊಂಡು ಬರುತ್ತದೆ. ಅದಕ್ಕೆ ರೆಡಿ ಫ್ಲಾಟ್ ಪಟ್ಟಿ ಕೊಳ್ಳುವುದೇ ಸರಿ.

ಹಾಗಾದರೆ ಏನು ಕೊಳ್ಳಬೇಕು? ಇನ್ನೂ ಏನೂ ಇಲ್ಲದವರು ಒಳ್ಳೇ ಹ್ಯಾಕ್ಸಾ, ಎರಡು ಥರದ ಬೈಮೆಟಲ್ ಬ್ಲೇಡ್, ಅರ, ಮತ್ತೆ ಒಂದು ಬೆಂಚ್ ವೈಸ್ ಮೊದಲು ತನ್ನಿ. ವೈಸ್ ಇಲ್ಲದೆ ಯಾವ ಸಾಧನವೂ ಕೆಲಸ ಮಾಡುವುದಿಲ್ಲ. ಫ್ಲಾಟಿನಲ್ಲಿರುವವರು ಆಮೇಲೆ ಜಿಗ್ ಸಾ. ಸ್ವಂತ ಅಂಗಳ ಇದ್ದು, ಸುತ್ತ ಹತ್ತಿಕೊಳ್ಳುವಂಥದ್ದೇನೂ ಇಲ್ಲದವರು, ತುಕ್ಕು ಹಿಡಿದ ಬೋಲ್ಟ್, ಸರಳು, ಪೈಪ್ ಎಲ್ಲಾ ಕತ್ತರಿಸುವವರು ಗ್ರೈಂಡರ್. ಎರಡೂ ಇದ್ದರೆ ಇನ್ನೂ ಒಳ್ಳೆಯದು, ಒಂದು ಆಕಾರ ತೆಗೆಯುತ್ತದೆ, ಇನ್ನೊಂದು ಅಂಚು ಉಜ್ಜುತ್ತದೆ.

ಯಾವುದನ್ನೇ ಹಿಡಿದರೂ ಕಣ್ಣಿಗೆ ಸುತ್ತಲೂ ಮುಚ್ಚುವ ಗಾಗಲ್ ಇರಲಿ, ಮಾಮೂಲಿ ಕನ್ನಡಕ ಸಾಲದು. ಗ್ರೈಂಡರಿಗಾದರೆ ಅದರ ಮೇಲೆ ಮುಖದ ಶೀಲ್ಡೂ ಬೇಕು. ಕಿವಿಗೆ ಇಯರ್ ಪ್ಲಗ್. ಲುಂಗಿ, ಪಂಚೆ, ಹೆಗಲ ಮೇಲಿನ ಟವೆಲ್, ಇಳಿಬಿದ್ದ ವೇಲ್ ಬೇಡವೇ ಬೇಡ, ಪಾಲಿಯೆಸ್ಟರ್ ಬಟ್ಟೆಯೂ ಬೇಡ, ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಕಣ್ಣಿಗೆ ಕಣ ಹೋದರೆ ಉಜ್ಜಬೇಡಿ, ಮನೆಯಲ್ಲಿ ಯಾರ ಕೈಯಲ್ಲೂ ತೆಗೆಸಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಅವತ್ತೇ ಹೋಗಿ. ಜಿಐ ಶೀಟನ್ನು (ಸತು ಲೇಪಿಸಿದ ತಗಡು) ಗ್ರೈಂಡರಿನಲ್ಲಿ ಕತ್ತರಿಸುವಾಗ ಸತುವಿನ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದರೆ ಚಳಿ, ಜ್ವರ ಬರಬಹುದು. ಅದಕ್ಕೆ ಹ್ಯಾಕ್ಸಾ, ಕತ್ತರಿ ಅಥವಾ ಜಿಗ್ ಸಾ ಬಳಸಿ.

ಕತ್ತರಿಸಿದ ಮೇಲೆ ಅಂಚು ಬ್ಲೇಡಿನಷ್ಟೇ ಹರಿತವಾಗಿರುತ್ತದೆ. ನಾಲ್ಕೂ ಬದಿಗೆ ಅರ ಹಾಕಿ ಮೂಲೆ ಮುರಿಯಿರಿ. ಆಮೇಲೆ ಎಣ್ಣೆಯನ್ನೂ ಧೂಳನ್ನೂ ತಿನ್ನರ್ ಬಟ್ಟೆಯಿಂದ ಒರೆಸಿ ರೆಡ್ ಆಕ್ಸೈಡ್ (ತುಕ್ಕು ತಡೆಯುವ ಮೊದಲ ಬಣ್ಣ) ಬಳಿಯಿರಿ. ಜಿಗ್ ಸಾಗೆ ಎಣ್ಣೆ ಹಾಕಿದವರು ಇದನ್ನು ಎರಡು ಸಲ ಒರೆಸಿ, ಎಣ್ಣೆ ಉಳಿದ ಕಡೆ ಬಣ್ಣ ಹಿಡಿಯುವುದಿಲ್ಲ.